ಒಂದು ಅಲಗಿನ ಆಯುಸ್ಸು

ನಮ್ಮ ತೀರ್ಥರೂಪರು 1996ನೆಯ ಇಸವಿಯಲ್ಲಿ, ಧಾತು ಸಂವತ್ಸರದಲ್ಲಿ, ವೈಕುಂಠವಾಸಿಗಳಾದ ತರುವಾಯ ಸಿರುಗುಪ್ಪದ ನಮ್ಮ ಹಳೆಯ ಮನೆಯ ಅಟ್ಟದ ಮೇಲಿದ್ದ ಮರದ ಪೆಟ್ಟಿಗೆಯೊಂದನ್ನು ನಾನು ಬಿಚ್ಚಬೇಕಾಯಿತು. ಅದರಲ್ಲಿ ಇಪ್ಪತ್ತೆಂಟು ವರ್ಷಗಳ ಪಂಚಾಂಗಗಳು ಕ್ರಮವಾಗಿ ಜೋಡಿಸಲ್ಪಟ್ಟಿದ್ದುವು. ಕೀಲಕ ಸಂವತ್ಸರದ, ಅಂದರೆ 1968ನೆಯ ಇಸವಿಯ, ಪಂಚಾಂಗದಿಂದ ಮೊದಲುಗೊಂಡು ಪ್ರತಿಯೊಂದರ ಅಂಚಿನಲ್ಲಿಯೂ ಸೀಸದ ಕಡ್ಡಿಯಿಂದ ಎಳೆದ ಸಣ್ಣ ಸಣ್ಣ ಗೀಟುಗಳಿದ್ದುವು. ಐದಾರು ಗೀಟುಗಳಾದ ಮೇಲೆ ಒಂದು ಸೊನ್ನೆ, ಮತ್ತೆ ಗೀಟುಗಳು, ಮತ್ತೆ ಸೊನ್ನೆ. ಇವು ಜಪಸಂಖ್ಯೆಯಿರಬೇಕೆಂದು ನಾನು ಮೊದಲು ಭಾವಿಸಿದೆನು. ಬಳಿಕ, ಯಾರಿಗೋ ಕೊಟ್ಟ ಸಾಲದ ಕಂತುಗಳಿರಬಹುದೆಂದು ಶಂಕಿಸಿದೆನು. ನಮ್ಮ ತಾಯಿಯವರು ನೋಡಿ ನಕ್ಕು, “ಅದು ಅವರ ಬ್ಲೇಡಿನ ಲೆಕ್ಕಪ್ಪ. ಗೀಟಂದ್ರ ಒಂದು ಕ್ಷೌರ. ಸೊನ್ನೆ ಅಂದ್ರ ಹಳೇದು ಹೋತು, ಹೊಸದು ಬಂತು” ಎಂದರು.

ಒಂದು ಬ್ಲೇಡಿಗೆ ಎಷ್ಟು ಕ್ಷೌರ ಎಂಬ ವಿಚಾರಕ್ಕೆ ಇತಿಹಾಸದ ಹೆಸರು ಕೊಟ್ಟರೆ ವಾಚಕರು ಮುಗುಳ್ನಗಬಹುದು. ಆದರೆ ಆ ಗೀಟುಗಳನ್ನು ಎಣಿಸುತ್ತ ಕುಳಿತ ನನಗೆ, ನಮ್ಮ ಜಿಲ್ಲೆಯಲ್ಲಿ ಅಲಗೆಂಬ ವಸ್ತುವು ನಡೆದು ಬಂದ ದಾರಿಯೆಲ್ಲವೂ ಅವುಗಳ ಹಿಂದೆ ಇರುವಂತೆ ತೋರಿತು. ಆ ದಾರಿಯಲ್ಲಿ ಉಳಿಸಿದವರೂ ಉಂಟು. ಉಳಿತಾಯದಿಂದ ಕಳೆದುಕೊಂಡವರೂ ಉಂಟು.

ಬಳ್ಳಾರಿಯಿಂದ ಕೆಲವೇ ಮೈಲಿಗಳ ದೂರದಲ್ಲಿರುವ ಸಂಗನಕಲ್ಲು ಮತ್ತು ಕಪ್ಪಗಲ್ಲು ಬೆಟ್ಟಗಳು ನವಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದ ದೊಡ್ಡ ಕಾರ್ಖಾನೆಯೆಂಬುದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞನ ಕಾಲದಿಂದಲೂ ಪ್ರಸಿದ್ಧವಾಗಿದೆ. ಬಿ. ಸುಬ್ಬರಾಯರು ಅಲ್ಲಿ ಅಗೆದು 1948ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನವೂ ಅದೇ ಯುಗದ ಬೆಟ್ಟವಾಸಿಗಳನ್ನು ಬೆಳಕಿಗೆ ತಂದಿತು. ಈ ಬೆಟ್ಟಗಳನ್ನು ಹತ್ತಿದವರು ಬಂಡೆಗಳ ಮೇಲೆ ನುಣುಪಾದ ಉದ್ದನೆಯ ತೋಡುಗಳನ್ನು ಕಾಣಬಹುದು. ಕೊಡಲಿಯ ಬಾಯನ್ನು ನೀರು ಹಾಕಿ ಹಾಕಿ ಮಸೆದು ಮಸೆದು ಉಂಟಾದ ತೋಡುಗಳು ಅವು. ಬಾಯಿ ಮೊಂಡಾದ ಕೊಡಲಿಯನ್ನು ಆ ಜನರು ಒಡನೆಯೇ ಎಸೆಯುತ್ತಿರಲಿಲ್ಲ; ಮತ್ತೆ ಮಸೆಯುತ್ತಿದ್ದರು. ವಸ್ತುವು ಸವೆಯುತ್ತ ಹೋದಂತೆ ಅದರ ಬಾಯಿ ಮಾತ್ರ ಹೊಸದಾಗುತ್ತಿತ್ತು. ಕಬ್ಬಿಣವು ಬಂದ ಮೇಲೂ ಈ ಧರ್ಮವು ಬದಲಾಗಲಿಲ್ಲ. ಕ್ಷೌರದ ಕತ್ತಿಯು ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬರುತ್ತಿತ್ತು. ಸಾಣೆಕಲ್ಲಿನ ಮೇಲೆಯೂ ತೊಗಲಿನ ಪಟ್ಟಿಯ ಮೇಲೆಯೂ ದಿನವೂ ಆಡಿ, ಅಗಲವಾಗಿದ್ದ ಅಲಗು ದರ್ಭೆಯಂತೆ ಕಿರಿದಾಗುವವರೆಗೆ ಊರಿನ ಮುಖಗಳನ್ನೆಲ್ಲ ನುಣುಪಾಗಿಸುತ್ತಿತ್ತು.

ಅಲಗನ್ನು ಕಾಪಾಡುವ ವಿದ್ಯೆಯೂ ಹೊಸತಲ್ಲ. ಕಠೋಪನಿಷತ್ತು ಶ್ರೇಯಸ್ಸಿನ ದಾರಿಯನ್ನು ಕ್ಷುರದ ಧಾರೆಗೆ ಹೋಲಿಸಿದುದನ್ನು ಎಲ್ಲರೂ ಬಲ್ಲರು. ಆದರೆ ಆಶ್ವಲಾಯನ ಗೃಹ್ಯಸೂತ್ರದ ಚೌಲಪ್ರಕರಣವನ್ನು ಗಮನವಿಟ್ಟು ಓದಿದವರು ಅಷ್ಟು ಮಂದಿಯಿಲ್ಲ. ಮಗುವಿನ ತಲೆಗೆ ಕತ್ತಿ ಮುಟ್ಟುವುದಕ್ಕೆ ಮೊದಲು ಬಿಸಿನೀರನ್ನು ತಣ್ಣೀರಿನೊಡನೆ ಬೆರೆಸಬೇಕು. ಆ ನೀರಿನಿಂದಲೂ ಬೆಣ್ಣೆಯಿಂದಲೂ, ಬೆಣ್ಣೆಯಿಲ್ಲದಿದ್ದರೆ ಮೊಸರಿನ ಹನಿಗಳಿಂದಲೂ, ಕೂದಲನ್ನು ತೋಯಿಸಬೇಕು. ಕೆಲಸ ಮುಗಿದ ಮೇಲೆ ಕತ್ತಿಯ ಬಾಯನ್ನು ಒರಸಬೇಕು. ಉಗುರುಬೆಚ್ಚಗಿನ ನೀರಿನಿಂದ, ಮಗುವಿಗೆ ನೋವಾಗದಂತೆ ಕೆಲಸ ಮಾಡೆಂದು ನಾಪಿತನಿಗೆ ಅಪ್ಪಣೆ ಕೊಡಬೇಕು. ಅಥರ್ವವೇದದಲ್ಲಿಯೂ ಕ್ಷೌರಕ್ಕಾಗಿ ಒಂದು ಸಣ್ಣ ಸೂಕ್ತವಿದ್ದು, ಅಲ್ಲಿ ಸವಿತೃವು ಕ್ಷುರವನ್ನು ಹಿಡಿದು ಬಂದರೆ ವಾಯುವು ಬಿಸಿನೀರನ್ನು ತರಬೇಕು. ಪಾಠಶಾಲೆಯಲ್ಲಿ ಇವನ್ನು ಓದುವಾಗ ನನಗೆ ಇವು ಬರಿಯ ಕರ್ಮಾಂಗಗಳಾಗಿ ಕಂಡಿದ್ದುವು. ಬಿಸಿನೀರು, ಜಿಡ್ಡು, ಒರಸುವಿಕೆ ಈ ಮೂರೂ ಅಲಗಿನ ಆಯುರ್ವೇದವೆಂಬುದು ಹೊಳೆದದ್ದು ಬಹಳ ತಡವಾಗಿ.

ಇನ್ನು ಕತ್ತಿಯನ್ನು ಹಿಡಿದವನ ವಿಷಯ. ನಮ್ಮ ಸೀಮೆಯ ಗ್ರಾಮವ್ಯವಸ್ಥೆಯಲ್ಲಿ ಕಮ್ಮಾರ, ಬಡಗಿ, ಅಗಸರಂತೆ ನಾಯಿಂದನೂ ಆಯಗಾರನು. ಮನೆಮನೆಗೆ ಹೋಗಿ ವರ್ಷವೆಲ್ಲ ಕ್ಷೌರ ಮಾಡಿ ಸುಗ್ಗಿಯಲ್ಲಿ ಕಣದಿಂದ ಧಾನ್ಯವನ್ನು ಪಡೆಯುವುದು ಅವನ ಹಕ್ಕು. ಹನ್ನೆರಡನೆಯ ಶತಮಾನದ ಶರಣರಾದ ಹಡಪದ ಅಪ್ಪಣ್ಣನವರ ಹೆಸರನ್ನು ಈ ವೃತ್ತಿಯವರು ಇಂದು ಕುಲನಾಮವಾಗಿ ಧರಿಸಿದ್ದಾರೆ. ಅರಸರ ಕಾಲದಲ್ಲಿ ಈ ಬಡ ವೃತ್ತಿಯ ಮೇಲೆಯೂ ತೆರಿಗೆಗಳಿದ್ದುವು. ವಿಜಯನಗರದ ಸದಾಶಿವರಾಯನ ಆಳಿಕೆಯಲ್ಲಿ, 1540ರಿಂದ ಮುಂದಣ ದಶಕದಲ್ಲಿ, ಅಧಿಕಾರವೆಲ್ಲ ಅಳಿಯ ರಾಮರಾಯನ ಕೈಯಲ್ಲಿದ್ದಾಗ, ಕೊಂಡೋಜನೆಂಬ ನಾಯಿಂದನು ತನ್ನ ಸೇವೆಯಿಂದ ರಾಮರಾಯನನ್ನು ಮೆಚ್ಚಿಸಿದನು. ಮೆಚ್ಚುಗೆಗೆ ಪ್ರತಿಯಾಗಿ ಅವನು ತನಗೆ ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ತನ್ನ ಕಸುಬಿನವರ ಮೇಲಿದ್ದ ತೆರಿಗೆ, ಬಿಟ್ಟಿ, ಮಹಾನವಮಿಯ ಪಂಜಿನ ಹೊರೆ ಮೊದಲಾದುವನ್ನು ಬಿಡಿಸಿಕೊಂಡನು. ಈ ಮಾನ್ಯದ ಶಾಸನಗಳು ಬಾದಾಮಿಯಲ್ಲಿಯೂ, ಕನ್ನಡ ತೆಲುಗು ನಾಡುಗಳ ಇನ್ನೂ ಅನೇಕ ಊರುಗಳಲ್ಲಿಯೂ ದೊರೆತಿವೆ. ಕೆಲವು ಶಿಲೆಗಳ ಮೇಲೆ ಸೂರ್ಯಚಂದ್ರರ ಜೊತೆಗೆ ಕತ್ತಿ, ಕನ್ನಡಿಗಳನ್ನೂ ಬಿಡಿಸಿರುವರು. ರಾಮರಾಯನು 1565ರ ಯುದ್ಧದಲ್ಲಿ ತಲೆಯನ್ನೇ ಕಳೆದುಕೊಂಡನೆಂಬುದನ್ನು ಶಾಲೆಯ ಹುಡುಗರೆಲ್ಲ ಬಲ್ಲರು. ಅವನ ಗಡ್ಡವನ್ನು ಬೋಳಿಸುತ್ತಿದ್ದವನ ಕತ್ತಿಯ ಚಿತ್ರವು ಕಲ್ಲಿನಲ್ಲಿ ಉಳಿದಿರುವುದನ್ನು ಮಾತ್ರ ನಾವು ಯಾರೂ ಪಾಠದಲ್ಲಿ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಹೀಗೆ ಮೂರು ನಾಲ್ಕು ಸಾವಿರ ವರ್ಷಗಳಿಂದ ಮಸೆದು ಬಾಳಿಸಿದ ಅಲಗನ್ನು ಎಸೆಯುವ ವಸ್ತುವನ್ನಾಗಿ ಮಾಡಿದವನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್. ಈತನು ಊರೂರು ತಿರುಗುವ ಮಾರಾಟಗಾರನಾಗಿದ್ದನು. ವಿಚಿತ್ರವೇನೆಂದರೆ, 1894ರಲ್ಲಿ ಇವನು ಬರೆದ ಪುಸ್ತಕವು ವ್ಯಾಪಾರದ ಪೈಪೋಟಿಯೇ ಲೋಕದ ಕೇಡೆಂದು ಸಾರುವಂಥದು! ಶೀಶೆಗಳ ತಗಡಿನ ಮುಚ್ಚಳವನ್ನು ಕಂಡುಹಿಡಿದ ವಿಲಿಯಂ ಪೇಂಟರನು ಇವನಿಗೆ, ಜನರು ಒಮ್ಮೆ ಬಳಸಿ ಎಸೆದು ಮತ್ತೆ ಕೊಳ್ಳಬೇಕಾದ ವಸ್ತುವೊಂದನ್ನು ಯೋಚಿಸೆಂದು ಬುದ್ಧಿ ಹೇಳಿದ್ದನಂತೆ. 1895ರಲ್ಲಿ ಒಂದು ಬೆಳಗ್ಗೆ ಕ್ಷೌರಕ್ಕೆ ನಿಂತಾಗ ಅದು ಹೊಳೆಯಿತು. ತೆಳುವಾದ ತಗಡಿನಂತಹ ಉಕ್ಕಿಗೆ ಹದ ಕೊಡುವ ಕೆಲಸವನ್ನು ವಿಲಿಯಂ ನಿಕರ್ಸನ್ ಎಂಬ ಯಂತ್ರಜ್ಞನು ಸಾಧಿಸಿದನು. 1903ರಲ್ಲಿ ಮಾರಾಟವಾದುವು 51 ರೇಜರುಗಳು, 168 ಅಲಗುಗಳು ಮಾತ್ರ. ಮರುವರ್ಷ ಪೇಟೆಂಟು ದೊರೆತು, ರೇಜರುಗಳ ಲೆಕ್ಕವು 90,000ವನ್ನು ಮೀರಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸರ್ಕಾರವು ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರುಗಳನ್ನು ಕೊಂಡುಕೊಂಡ ಮೇಲೆ, ಯುದ್ಧ ಮುಗಿಸಿ ಮನೆಗೆ ಬಂದವರೆಲ್ಲರೂ ತಮ್ಮ ಗಡ್ಡವನ್ನು ತಾವೇ ಬೋಳಿಸಿಕೊಳ್ಳುವ ಅಭ್ಯಾಸವನ್ನು ತಂದರು.

ಮಸೆಯಬೇಕಾಗಿಲ್ಲ, ಸಾಣೆ ಹಿಡಿಯಬೇಕಾಗಿಲ್ಲ ಎಂಬುದೇ ಜಿಲೆಟ್ಟನ ಡಂಗುರವಾಗಿತ್ತು. ಲೋಕವಾದರೋ ಆ ಅಲಗನ್ನೂ ಮಸೆಯತೊಡಗಿತು. ಅಮೆರಿಕದಲ್ಲಿಯೇ ಹೆನ್ರಿ ಗೈಸ್‌ಮನ್ ಎಂಬವನು ತೊಗಲ ಪಟ್ಟಿಯೊಡನೆ ತಾನೇ ಮಸೆದುಕೊಳ್ಳುವ ರೇಜರನ್ನು ಮಾರಿದನು. ಇಂಗ್ಲೆಂಡಿನಲ್ಲಿ ರೋಲ್ಸ್ ರೇಜರೆಂಬುದು ಬಂದಿತು. 1959ರಲ್ಲಿ ಚೆಕೊಸ್ಲೊವಾಕಿಯದ ಕಾರೆಲ್ ದ್ರ್ಬಲ್ ಎಂಬಾತನು, ಈಜಿಪ್ತಿನ ಪಿರಮಿಡ್ಡಿನ ಆಕಾರದ ರಟ್ಟಿನ ಗೂಡಿನೊಳಗೆ ಅಲಗನ್ನಿಟ್ಟರೆ ಅದು ತನ್ನಷ್ಟಕ್ಕೆ ಹರಿತವಾಗುವುದೆಂದು ಪೇಟೆಂಟನ್ನೇ ಪಡೆದನು. ಪ್ರಾಯದಲ್ಲಿ ಈ ಸುದ್ದಿಯನ್ನು ಎಲ್ಲಿಯೋ ಓದಿ ನಾನೂ ಒಂದು ರಟ್ಟಿನ ಗೋಪುರವನ್ನು ಕಟ್ಟಿ ತಂದೆಯವರ ಬ್ಲೇಡನ್ನು ಅದರೊಳಗಿಟ್ಟಿದ್ದೆನು. ಅವರ ಪಂಚಾಂಗದಲ್ಲಿ ಒಂದು ಗೀಟೂ ಹೆಚ್ಚಲಿಲ್ಲ.

ನಮ್ಮ ಮನೆಗೆ ಸೇಫ್ಟಿ ರೇಜರು ಬಂದದ್ದು ಆ ಕೀಲಕ ಸಂವತ್ಸರದಲ್ಲಿಯೇ. ನನಗಾಗ ಎಂಟು ವರ್ಷ. ಅದನ್ನು ಕೊಟ್ಟವರು ಕುರುಗೋಡಿನಲ್ಲಿ ಅಂಗಡಿಯಿಟ್ಟಿದ್ದ ನಮ್ಮ ಸೋದರಮಾವನವರು. ದೊಡ್ಡಬಸವೇಶ್ವರನ ತೇರಿಗೆಂದು ಹೋದಾಗ ಹಿತ್ತಾಳೆಯ ರೇಜರನ್ನೂ ಒಂದು ಬ್ಲೇಡನ್ನೂ ಕಾಗದದಲ್ಲಿ ಸುತ್ತಿ ತಂದೆಯವರ ಕೈಗಿತ್ತು, “ಭಾವನೋರ, ಇನ್ನ ಮುಂದ ಯಾರ ದಾರೀನೂ ಕಾಯಬ್ಯಾಡ್ರಿ” ಎಂದರು. ಅಂದಿನ ಕಾಲದಲ್ಲಿ ಕಿರಾಣಿ ಅಂಗಡಿಗಳಲ್ಲಿ ಬ್ಲೇಡನ್ನು ಬಿಡಿಯಾಗಿ, ಒಂದೊಂದಾಗಿ ಮಾರುತ್ತಿದ್ದರು. ಪೊಟ್ಟಣವನ್ನೇ ಕೊಳ್ಳುವವನು ಧಾರಾಳಿಯೆಂದು ಎಣಿಸಲ್ಪಡುತ್ತಿದ್ದನು.

ತಂದೆಯವರ ಕ್ಷೌರವು ಒಂದು ಕ್ರಿಯೆಯಂತೆ ನಡೆಯುತ್ತಿತ್ತು. ಬಚ್ಚಲ ಹಂಡೆಯ ಸುಡುನೀರಿನಲ್ಲಿ ಪಾಣಿಪಂಚೆಯನ್ನು ಅದ್ದಿ ಹಿಂಡಿ ಗಲ್ಲಕ್ಕೆ ಒತ್ತಿ ಹಿಡಿದು, ವಿಷ್ಣುಸಹಸ್ರನಾಮದ ಮೊದಲ ಮೂವತ್ತು ಶ್ಲೋಕಗಳಾಗುವವರೆಗೆ ಕುಳಿತಿರುವರು. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಳ್ಳುವವರಿಗೆ ಈ ಪಾಡಿಲ್ಲ, ಕೂದಲು ಆಗಲೇ ನೆನೆದಿರುತ್ತದೆ; ಕ್ಷೌರವಾದ ಮೇಲೆಯೇ ಸ್ನಾನವೆಂಬ ನಮ್ಮ ಮಡಿಗೆ ಅವರು ಕಂಡುಕೊಂಡ ಉಪಾಯವಿದು. ಮುಗಿದ ಬಳಿಕ ಬ್ಲೇಡನ್ನು ತೊಳೆದು, ಒದರಿ, ಬಿಸಿಲಿಗೆ ಹಿಡಿದು ಒಣಗಿಸಿ, ಕೊಬ್ಬರಿ ಎಣ್ಣೆಯ ಬೆರಳನ್ನು ಸವರಿ ಮಡಿಸಿಡುವರು. ಮರುಬಾರಿ ಅದಕ್ಕೆಂದೇ ಇಟ್ಟ ಗಾಜಿನ ಲೋಟವೊಂದರ ಒಳಮೈಗೆ ಬ್ಲೇಡನ್ನು ಬೆರಳಿನಿಂದ ಒತ್ತಿ ಅತ್ತಿತ್ತ ಉಜ್ಜುವರು. ಆ ಲೋಟಕ್ಕೆ ಅಡಿಗೆಮನೆಯ ಹೊಸ್ತಿಲು ದಾಟುವ ಅಧಿಕಾರವಿರಲಿಲ್ಲ. ಸೊನ್ನೆ ಬಿದ್ದ ಬ್ಲೇಡೂ ಸಾಯುತ್ತಿರಲಿಲ್ಲ: ತಾಯಿಯವರ ಹೊಲಿಗೆ ಬಿಚ್ಚುವುದಕ್ಕೆ, ನಮ್ಮ ಪೆನ್ಸಿಲುಗಳಿಗೆ, ಕೊನೆಗೆ ತುಕ್ಕು ಹಿಡಿದು ಗೋಡೆಯ ಸಂದಿಗೆ.

ಈ ಪ್ರಯಾಸದಲ್ಲಿ ಫಲವೆಷ್ಟು, ಭ್ರಮೆಯೆಷ್ಟು? ಪಂಚಾಂಗಗಳು ತಕ್ಕಮಟ್ಟಿಗೆ ಉತ್ತರ ಹೇಳುತ್ತವೆ. ಮೊದಲ ವರ್ಷಗಳಲ್ಲಿ ಸೊನ್ನೆಗೂ ಸೊನ್ನೆಗೂ ನಡುವೆ ಐದು, ಆರು, ಅಪರೂಪಕ್ಕೆ ಎಂಟು ಗೀಟುಗಳು. ಅವು ತುಕ್ಕು ಹಿಡಿಯುವ ಉಕ್ಕಿನ ಬ್ಲೇಡುಗಳು. ಮುಂದೆ ಎಪ್ಪತ್ತರ ದಶಕದ ನಡುವಿನಲ್ಲಿ ಗೀಟುಗಳು ಒಮ್ಮೆಲೇ ಹದಿಮೂರು, ಹದಿನೈದು, ಹದಿನೆಂಟಕ್ಕೆ ಏರಿವೆ. ಕಾರಣವು ತಂದೆಯವರ ಲೋಟವಲ್ಲ. ಬ್ಲೇಡಿನ ಲೋಹವೇ ಬದಲಾಗಿತ್ತು. ಇಂಗ್ಲೆಂಡಿನ ವಿಲ್ಕಿನ್ಸನ್ ಕತ್ತಿಯ ಕಾರ್ಖಾನೆಯು 1962ರ ಸುಮಾರಿಗೆ ತುಕ್ಕು ಹಿಡಿಯದ ಉಕ್ಕಿನ ಬ್ಲೇಡನ್ನು ಪೇಟೆಗೆ ತಂದು ಲೋಕವನ್ನೇ ಬೆರಗುಗೊಳಿಸಿತು. ಜಿಲೆಟ್ ಮೊದಲಾದವರು ಹಿಂಬಾಲಿಸಿದರು. ನೂರು ಪಾಲಿನಲ್ಲಿ ಸುಮಾರು ಹದಿಮೂರು ಪಾಲು ಕ್ರೋಮಿಯಂ ಬೆರೆತ ಆ ಉಕ್ಕು ನಮ್ಮ ಸಿರುಗುಪ್ಪದ ಕಿರಾಣಿ ಅಂಗಡಿಗೆ ಇಳಿಯಲು ಹತ್ತು ಹನ್ನೆರಡು ವರ್ಷಗಳು ಹಿಡಿದುವು. ಇಷ್ಟೆಲ್ಲ ಹೇಳಿ ಒಂದು ಎಚ್ಚರಿಕೆಯನ್ನು ಕೊಡದಿದ್ದರೆ ಲೆಕ್ಕವು ಕೆಡುವುದು. ‘ನನ್ನ ಬ್ಲೇಡು ಮೂರು ತಿಂಗಳು ಬಾಳಿತು’ ಎನ್ನುವವರು ದಿನಗಳನ್ನು ಎಣಿಸುತ್ತಾರೆಯೇ ಹೊರತು ಕ್ಷೌರಗಳನ್ನಲ್ಲ. ಮಂಗಳವಾರ, ಶುಕ್ರವಾರ, ಶನಿವಾರ, ಏಕಾದಶಿ, ಅಮಾವಾಸ್ಯೆ, ಜನ್ಮನಕ್ಷತ್ರಗಳನ್ನು ಬಿಟ್ಟು ತಂದೆಯವರಿಗೆ ತಿಂಗಳಿಗೆ ಆರೇಳು ಕ್ಷೌರಗಳು ದಕ್ಕುತ್ತಿದ್ದುವು. ಹದಿನೆಂಟು ಗೀಟುಗಳೆಂದರೆ ಮೂರು ತಿಂಗಳೇ ಸರಿ!

ಕೂದಲಿಗಿಂತ ಸುಮಾರು ಐವತ್ತು ಪಾಲು ಗಟ್ಟಿಯಾದ ಉಕ್ಕು ಕೂದಲಿನಿಂದ ಹೇಗೆ ಸೋಲುವುದೆಂಬುದು ಬಹುಕಾಲದ ಒಗಟಾಗಿತ್ತು. ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಪೀಠದ ವಿದ್ವಾಂಸರು 2020ರಲ್ಲಿ ಇದನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿ ತಿಳಿಸಿದರು. ಅಲಗಿನ ಬಾಯಿ ಸವೆದು ದುಂಡಾಗುವುದೇ ಮುಖ್ಯವಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಚಕ್ಕೆಗಳು ಸಿಡಿಯುತ್ತವೆ. ಉಕ್ಕಿನ ಒಳರಚನೆಯು ಎಲ್ಲೆಡೆಯೂ ಒಂದೇ ಸಮವಾಗಿರದ ಕಡೆಯಲ್ಲಿ ಕೂದಲು ಬಾಗಿ ಓರೆಯಾಗಿ ಒತ್ತಿದಾಗ ಅಂಚು ಒಡೆಯುವುದು. ನೆನೆದ ಕೂದಲನ್ನು ಕತ್ತರಿಸಲು ಬೇಕಾದ ಬಲವು ಒಣಗಿದ್ದಕ್ಕಿಂತ ಬಹಳ ಕಡಮೆ. ಆದುದರಿಂದ ತಂದೆಯವರು ಗಲ್ಲಕ್ಕೆ ಒತ್ತಿದ ಬಿಸಿ ಪಂಚೆಯೂ, ಅವರ ಹಗುರವಾದ ಕೈಯೂ ನಿಜವಾಗಿ ಗೀಟುಗಳನ್ನು ಸಂಪಾದಿಸಿದುವು. ಎಣ್ಣೆಯು ಹಳೆಯ ಬ್ಲೇಡುಗಳಿಗೆ ಉಪಕಾರಿಯಾಗಿತ್ತು. ಲೋಟದ ವಿಷಯದಲ್ಲಿ ನನಗೆ ಅಷ್ಟು ಭಕ್ತಿಯಿಲ್ಲ: ಹಳೆಯ ಬ್ಲೇಡಿನ ಬಾಗಿದ ಅಂಚನ್ನು ಅದು ಸ್ವಲ್ಪ ನೆಟ್ಟಗೆ ಮಾಡಿದ್ದೀತು, ಹೊಸ ಬ್ಲೇಡುಗಳ ಅಂಚಿಗೆ ಹಚ್ಚಿದ ನುಣುಪಾದ ಲೇಪವನ್ನು ಅದೇ ಉಜ್ಜುವಿಕೆಯು ಕಿತ್ತು ಹಾಕುತ್ತದೆ.

ಪಂಚಾಂಗದಲ್ಲಿ ಇಲ್ಲದ ಒಂದು ಲೆಕ್ಕವನ್ನೂ ಹೇಳಬೇಕು. ರೇಜರು ಬರುವ ಮೊದಲು ನಮ್ಮ ಮನೆಗೆ ಬರುತ್ತಿದ್ದ ಕ್ಷೌರಿಕರು ವಯಸ್ಸಾದವರು. ಸುಗ್ಗಿಗೆ ನಮ್ಮಲ್ಲಿಂದ ಅವರಿಗೆ ಎರಡು ಚೀಲ ನೆಲ್ಲು ಸಲ್ಲುತ್ತಿತ್ತು. ಆ ವರ್ಷ ಒಂದೇ ಚೀಲ ಸಂದಿತು. ಅವರು ಜಗಲಿಯ ಕೆಳಗೆ ನಿಂತು, ಸಿಟ್ಟಿಲ್ಲದೆ, “ಆಚಾರ್ರ, ಗಡ್ಡ ನಿಮ್ಮ ಕೈಗೆ ಬಂತು. ತಲಿಯೊಂದು ನಮಗ ಬಿಟ್ರಿ” ಎಂದುದನ್ನು ನಾನು ಕಂಬದ ಮರೆಯಿಂದ ಕೇಳಿದೆನು. ತಂದೆಯವರು ಉತ್ತರ ಕೊಡದೆ ಒಳಗೆ ಹೋದರು. ಒಂದು ಬ್ಲೇಡಿನಲ್ಲಿ ಆರರ ಬದಲು ಎಂಟು ಕ್ಷೌರಗಳನ್ನು ಮಾಡಿ ಅವರು ಉಳಿಸಿದ ಪೈಸೆಗಳೆಲ್ಲವೂ ಸೇರಿ ಆ ಚೀಲದ ಮೂಲೆಯನ್ನೂ ತುಂಬುತ್ತಿರಲಿಲ್ಲ. ನಿಜವಾದ ಉಳಿತಾಯವು ಬ್ಲೇಡಿನದಾಗಿರಲಿಲ್ಲ, ಆ ನೆಲ್ಲಿನದಾಗಿತ್ತು. ಅದನ್ನು ಯಾರೂ ಗೀಟೆಳೆದು ಬರೆಯಲಿಲ್ಲ.

ಹಾಗೆಂದು ಊರ ಕತ್ತಿಯನ್ನು ಬರಿಯ ಸೌಹಾರ್ದದ ವಸ್ತುವೆಂದು ಬಣ್ಣಿಸಿದರೆ ಸತ್ಯಕ್ಕೆ ಅಪಚಾರವಾದೀತು. ಆ ಕತ್ತಿಯು ಊರಿನ ಎಲ್ಲ ಮುಖಗಳನ್ನೂ ಮುಟ್ಟುತ್ತಿರಲಿಲ್ಲ. ಅಸ್ಪೃಶ್ಯರೆಂದು ದೂರವಿಟ್ಟ ಜನರಿಗೆ ಕ್ಷೌರವನ್ನು ನಿರಾಕರಿಸುವುದು 1955ರ ಕಾನೂನಿನಿಂದ ಅಪರಾಧವಾದ ಮೇಲೂ ಎಷ್ಟೋ ಗ್ರಾಮಗಳಲ್ಲಿ ನಿರಾಕರಣೆಯು ನಿಲ್ಲಲಿಲ್ಲ. ಮೇಲಿನವರ ಭಯವೇ ಕ್ಷೌರಿಕನ ಕೈಯನ್ನು ಹಿಡಿಯುತ್ತಿತ್ತು. ಕಿರಾಣಿ ಅಂಗಡಿಯ ಬಿಡಿ ಬ್ಲೇಡಾದರೋ ಕುಲವನ್ನು ಕೇಳುತ್ತಿರಲಿಲ್ಲ. ನನ್ನೊಡನೆ ಅಧ್ಯಾಪಕರಾಗಿದ್ದ ದಲಿತ ಮಿತ್ರರೊಬ್ಬರು, ತಮ್ಮ ತಂದೆಯು ಮೊದಲನೆಯ ರೇಜರನ್ನು ಕೊಂಡ ದಿನ ಕೇರಿಯ ಹತ್ತು ಜನರು ಸರದಿಯಲ್ಲಿ ನಿಂತು ಅದೇ ಬ್ಲೇಡಿನಿಂದ ಕ್ಷೌರ ಮಾಡಿಕೊಂಡರೆಂದು ಹೇಳುತ್ತಿದ್ದರು. ಒಂದು ಬ್ಲೇಡಿಗೆ ಒಂದೇ ದಿನ ಹತ್ತು ಕ್ಷೌರ! ನಮ್ಮ ತಂದೆಯವರ ಲೆಕ್ಕವು ಇದರ ಮುಂದೆ ಸಣ್ಣದು.

ಹಂಚಿಕೊಂಡ ಅಲಗಿನ ಕೇಡನ್ನು ನಾನೂ ಉಂಡವನೇ. ಪಾಠಶಾಲೆಯಲ್ಲಿ ಉಪಾಕರ್ಮದ ಹಿಂದಿನ ದಿನ ಇಪ್ಪತ್ತು ಹುಡುಗರಿಗೆ ಒಂದೇ ಕತ್ತಿ. ಒಂದು ವರ್ಷ ಅರ್ಧ ಮಂದಿಗೆ ತಲೆಯಲ್ಲಿ ಹುಳುಕಡ್ಡಿಯೆದ್ದಿತು. 1986ರಲ್ಲಿ ಮದ್ರಾಸಿನಲ್ಲಿ ಎಚ್.ಐ.ವಿ. ರೋಗಾಣುವು ಮೊದಲ ಬಾರಿ ಪತ್ತೆಯಾದ ತರುವಾಯದ ವರ್ಷಗಳಲ್ಲಿ, ಒಬ್ಬರಿಗೆ ಬಳಸಿದ ಬ್ಲೇಡನ್ನು ಇನ್ನೊಬ್ಬರಿಗೆ ಮುಟ್ಟಿಸಬಾರದೆಂಬ ಎಚ್ಚರವು ಕ್ಷೌರದಂಗಡಿಗಳವರೆಗೂ ಹಬ್ಬಿತು. ಇಂದು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಾಗಲಿ ಕೌಲ್ ಬಜಾರಿನಲ್ಲಾಗಲಿ ಅಂಗಡಿಯೊಳಗೆ ಕುಳಿತು ನೋಡಿರಿ. ಕ್ಷೌರಿಕನು ಹೊಸ ಬ್ಲೇಡನ್ನು ಕಾಗದದಲ್ಲಿರುವಂತೆಯೇ ಉದ್ದಕ್ಕೆ ಬಾಗಿಸಿ ಚಟಕ್ಕನೆ ಎರಡಾಗಿ ಮುರಿಯುತ್ತಾನೆ. ಒಂದು ತುಂಡನ್ನು ಹಿಡಿಕೆಗೆ ಸಿಕ್ಕಿಸುತ್ತಾನೆ. ಇನ್ನೊಂದನ್ನು ಮುಂದಿನವರಿಗೆಂದು ಎತ್ತಿಡುತ್ತಾನೆ. ಕೊಂಡೋಜನ ಕೈಯ ಕತ್ತಿಯು ತಲೆಮಾರುಗಳನ್ನು ಬಾಳಿದ್ದೀತು. ಈ ಅರ್ಧ ಅಲಗಿನ ಆಯುಸ್ಸು ಒಂದೇ ಮುಖ. ಮನೆಯಲ್ಲಿ ತನ್ನೊಬ್ಬನ ಗಡ್ಡಕ್ಕೆ ಹದಿನೆಂಟು ಗೀಟು ಎಳೆಯುವವನು ಎಳೆಯಲಿ, ಆ ಬ್ಲೇಡು ಮಗನ ಕೈಗೂ ಹೋಗಬಾರದು.

1996ರ ಧಾತು ಸಂವತ್ಸರದ ಪಂಚಾಂಗವು ಪೆಟ್ಟಿಗೆಯಲ್ಲಿರಲಿಲ್ಲ, ಗೋಡೆಯ ಮೊಳೆಗೆ ತೂಗುತ್ತಿತ್ತು. ಅದರ ಕೊನೆಯ ಸೊನ್ನೆಯ ಮುಂದೆ ಹನ್ನೊಂದು ಗೀಟುಗಳಿದ್ದುವು. ಹತ್ತನೆಯ ದಿನ ತುಂಗಭದ್ರೆಯ ದಂಡೆಯಲ್ಲಿ ನನಗೂ ನನ್ನ ತಮ್ಮನಿಗೂ ಕ್ಷೌರ ಮಾಡಲು ಬಂದವನು ಆ ವೃದ್ಧ ಕ್ಷೌರಿಕರ ಮೊಮ್ಮಗ. ಪೇಟೆಯಲ್ಲಿ ಕನ್ನಡಿಗಳ ಅಂಗಡಿಯಿಟ್ಟುಕೊಂಡವನು. ಅಂಗಡಿಯನ್ನು ಮುಚ್ಚಿ ಬಂದಿದ್ದನು. ಮರಳಿನ ಮೇಲೆ ಕುಳಿತು, ತಂಬಿಗೆಯ ನೀರನ್ನು ನನ್ನ ತಲೆಗೆ ಹಾಕಿ ಬಹಳ ಹೊತ್ತು ತಿಕ್ಕಿ ನೆನೆಸಿದನು. ಆಮೇಲೆ ಜೇಬಿನಿಂದ ಒಂದು ಹೊಸ ಬ್ಲೇಡನ್ನು ತೆಗೆದು ಮುರಿದು, ಒಂದರ್ಧವನ್ನು ನನಗೆ, ಇನ್ನೊಂದರ್ಧವನ್ನು ತಮ್ಮನಿಗೆ ಎಂದು ಬೇರೆ ಬೇರೆ ಇಟ್ಟುಕೊಂಡನು.